ಗಂಜಿ ಕೇಂದ್ರದಲ್ಲಿ: ಬಾಯಿ ಬಿಡಿಸಬೇಕಾ, ಜೊತೆಗಿರಬೇಕಾ?

2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡ ಜರಿದಂಥ ಹೊತ್ತಿನಲ್ಲಿ, ಪರಿಹಾರ ಕೇಂದ್ರಕ್ಕೆ ಹೋಗುವ ಸ್ವಯಂಸೇವಕರ ಮುಂದೆ, ನೊಂದವರ ಮನಸ್ಸಿಗೆ ನೆರವಾಗಲು ಎರಡು ದಾರಿ.

ಒಂದು ಡೀಬ್ರೀಫಿಂಗ್. ಆದದ್ದನ್ನೆಲ್ಲ ಒಂದೇ ಸಲಕ್ಕೆ ಹೇಳಿಸುವುದು. ಕೇಳಲು ಚೆನ್ನಾಗಿದೆ, ಅಲ್ವಾ? ವಿಶ್ವ ಆರೋಗ್ಯ ಸಂಸ್ಥೆ ಮಾತ್ರ ಇದು ಬೇಡ ಎನ್ನುತ್ತದೆ.

ಇನ್ನೊಂದು ಮಾನಸಿಕ ಪ್ರಥಮ ಚಿಕಿತ್ಸೆ: ನೋಡಿ, ಕೇಳಿಸಿಕೊಳ್ಳಿ, ಬೇಕಾದ ಕಡೆ ಜೋಡಿಸಿ. ಚಾಪೆಯ ಮೂಲೆಯಲ್ಲಿ ಸುಮ್ನೆ ಕೂತ ಅಜ್ಜಿಯನ್ನು "ಮನೆ ಹೇಗೆ ಬಿತ್ತು?" ಅಂತ ಕೆದಕಬೇಡಿ. "ಬಿಪಿ ಮಾತ್ರೆ ಇದೆಯಾ ಅಜ್ಜಿ? ಮಗನಿಗೆ ಫೋನ್ ಮಾಡಿಕೊಡ್ಲಾ?" ಅಂತ ಕೇಳಿ. ಅವರಾಗಿಯೇ ಮಾತು ತೆಗೆದರೆ ಪಕ್ಕದಲ್ಲಿ ಕೂತು ಕೇಳಿ. ಇದಕ್ಕೆ ಡಾಕ್ಟರೇ ಆಗಬೇಕಿಲ್ಲ. ನನ್ನ ಓಟು ಇದಕ್ಕೇ.

ವಾರಗಟ್ಟಲೆ ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ ಅಂದರೆ ಇಷ್ಟು ಸಾಲದು. ಆಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿಸಿ. 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.