ಹಳೆ ಗಿಟಾರ್‌ನ ಸವೆದ ಫ್ರೆಟ್: ಉಜ್ಜಿಸುವುದಾ, ಬದಲಿಸುವುದಾ?

1960ರ ದಶಕದ ಸ್ಟ್ರಾಟೊಕಾಸ್ಟರ್ (ಫೆಂಡರ್ ಕಂಪನಿಯ ಎಲೆಕ್ಟ್ರಿಕ್ ಗಿಟಾರ್) ನಿಮ್ಮ ಕೈಯಲ್ಲಿದ್ದರೆ ಮೊದಲು ನೋಡಬೇಕಾದ್ದು, ಕತ್ತಿನ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಯಾದ ಫ್ರೆಟ್‌ನ ಎತ್ತರ. ಹೊಸದರಲ್ಲಿ ಅದು ಸುಮಾರು 1.1 ಮಿ.ಮೀ. ಇರುತ್ತಿತ್ತು. ಈಗ ಮೊದಲ ನಾಲ್ಕೈದು ಫ್ರೆಟ್‌ಗಳಲ್ಲಿ, ತೆಳು ತಂತಿಗಳ ಕೆಳಗೆ, ಉಗುರು ಸಿಕ್ಕಿಕೊಳ್ಳುವಂಥ ಗುಳಿ ಬಿದ್ದಿರುತ್ತದೆ. ಆ ಗುಳಿ ಹೋಗುವಷ್ಟು ಉಜ್ಜಿದ ಮೇಲೂ 0.8 ಮಿ.ಮೀ. ಉಳಿಯುವುದಾದರೆ ಲೆವೆಲಿಂಗ್ (ಎಲ್ಲ ಪಟ್ಟಿಗಳನ್ನೂ ಉಜ್ಜಿ ಒಂದೇ ಎತ್ತರಕ್ಕೆ ತರುವುದು) ಸಾಕು. ಖರ್ಚು ಕಡಿಮೆ, ಮೂಲ ಫ್ರೆಟ್ಟೂ ಉಳಿಯುತ್ತದೆ. ಮಾರುವ ಯೋಚನೆ ಇದ್ದರೆ ಇದೇ ವಾಸಿ. ಆದರೆ ಎಲ್ಲ ಫ್ರೆಟ್‌ಗಳೂ ತಗ್ಗುತ್ತವೆ, ತಂತಿ ಬೆಂಡ್ ಮಾಡುವಾಗ (ಸ್ವರ ಏರಿಸಲು ಪಕ್ಕಕ್ಕೆ ಎಳೆಯುವಾಗ) ಬೆರಳು ಮರಕ್ಕೆ ಉಜ್ಜುತ್ತದೆ.

ಬದಲಿಸುವುದು ದೊಡ್ಡ ಕೆಲಸ. ಆ ಕಾಲದ ಫೆಂಡರ್‌ನಲ್ಲಿ ಫ್ರೆಟ್‌ಗಳನ್ನು ಪಕ್ಕದಿಂದ ತೂರಿಸುತ್ತಿದ್ದರು. ಇಕ್ಕಳ ಹಾಕಿ ನೇರ ಮೇಲಕ್ಕೆ ಎಳೆದರೆ ಮರದ ಚಕ್ಕೆ ಎದ್ದು ಬರುತ್ತದೆ. ಇದು ಗೊತ್ತಿಲ್ಲದವರ ಕೈಗೆ ಗಿಟಾರ್ ಕೊಡಲೇಬೇಡಿ. ಬೋರ್ಡಿನ (ಫ್ರೆಟ್ ಕೂರಿಸಿರುವ ಮರದ ಹಲಗೆಯ) 7.25 ಇಂಚು ತ್ರಿಜ್ಯದ ಬಾಗನ್ನು ಉಜ್ಜಿ ಚಪ್ಪಟೆ ಮಾಡಬಾರದು ಅಂತಲೂ ಮೊದಲೇ ಹೇಳಿಬಿಡಿ. ಗಿಬ್ಸನ್ ಕಂಪನಿಯ ಹಳೆ ಗಿಟಾರ್ ಲೆಸ್ ಪಾಲ್‌ನ ತಲೆನೋವೇ ಬೇರೆ. ಫ್ರೆಟ್ ತುದಿಯಲ್ಲಿರುವ ಬೈಂಡಿಂಗ್‌ನ (ಕತ್ತಿನ ಅಂಚಿಗೆ ಅಂಟಿಸಿದ ಪ್ಲಾಸ್ಟಿಕ್ ಪಟ್ಟಿಯ) ಪುಟ್ಟ ಉಬ್ಬುಗಳು ಹೊಸ ಫ್ರೆಟ್ ಹಾಕುವಾಗ ಸಾಮಾನ್ಯವಾಗಿ ಹೋಗಿಬಿಡುತ್ತವೆ. ಸಂಗ್ರಹಕಾರರ ಕಣ್ಣು ಬೀಳುವುದೇ ಅಲ್ಲಿ ಅಲ್ವಾ!

ಲೋಹದ ವಿಷಯ: ಸ್ಟೇನ್‌ಲೆಸ್ ಸ್ಟೀಲ್ ಬೇಗ ಸವೆಯುವುದಿಲ್ಲ, ಬೆಂಡ್ ನುಣುಪಾಗಿರುತ್ತದೆ. ಆದರೆ ಗಟ್ಟಿ ಲೋಹ, ಕೂಲಿ ಜಾಸ್ತಿ. ಹಳೆ ಗಿಟಾರಿಗೆ ನನ್ನ ಓಟು ತಾಮ್ರ, ನಿಕ್ಕಲ್, ಸತು ಬೆರೆತ ನಿಕ್ಕಲ್ ಸಿಲ್ವರ್‌ಗೆ.

ಮೇಲಿನ ಫ್ರೆಟ್‌ಗಳು ಚೆನ್ನಾಗಿದ್ದರೆ ಸವೆದ ಐದಾರನ್ನು ಮಾತ್ರ ಬದಲಿಸಿ, ಉಳಿದವಕ್ಕೆ ಸಮ ಮಾಡಿಸಬಹುದು. ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ.