ಮೂಳೆ ಬೇಗ ಮುರಿಯುವ ಮಗುವಿಗೆ ಹೃದಯದ ಎಕೋ: ಜಯನಗರದ ಒಂದು ತಪಾಸಣಾ ಕೇಂದ್ರ

ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ, ಅಂದರೆ ಮೂಳೆ ಸುಲಭವಾಗಿ ಮುರಿಯುವ ಹುಟ್ಟುಕಾಯಿಲೆ, ಇರುವ ಮಕ್ಕಳ ಮನೆಗಳಲ್ಲಿ ಮೂಳೆಯ ಚಿಂತೆಯೇ ದಿನವಿಡೀ ತುಂಬಿರುವುದರಿಂದ ಹೃದಯದ ಮಾತು ತಡವಾಗಿ ಬರುತ್ತದೆ. ಈ ಕಾಯಿಲೆಯಲ್ಲಿ ಬಹುಪಾಲು ದೋಷ ಇರುವುದು ಟೈಪ್ 1 ಕೊಲಾಜೆನ್ ಎಂಬ, ದೇಹದ ಅಂಗಾಂಶಗಳಿಗೆ ಗಟ್ಟಿತನ ಕೊಡುವ ಪ್ರೋಟೀನಿನಲ್ಲಿ. ಆ ಕೊಲಾಜೆನ್ ಮೂಳೆಯಲ್ಲಷ್ಟೇ ಅಲ್ಲ, ಹೃದಯದ ಕವಾಟಗಳಲ್ಲಿ, ಅವುಗಳನ್ನು ಹಿಡಿದಿರುವ ತಂತುಗಳಲ್ಲಿ ಮತ್ತು ಹೃದಯದಿಂದ ದೇಹಕ್ಕೆ ರಕ್ತ ಒಯ್ಯುವ ದೊಡ್ಡ ನಾಳವಾದ ಮಹಾಪಧಮನಿಯ ಗೋಡೆಯಲ್ಲಿಯೂ ಇದೆ. ಕವಾಟ ಸೋರುವುದು, ಮಹಾಪಧಮನಿಯ ಬುಡ ಹಿಗ್ಗುವುದು ದೊಡ್ಡವರಿಗಿಂತ ಮಕ್ಕಳಲ್ಲಿ ಕಡಿಮೆ. ಆದರೂ ಬಾಲ್ಯದಲ್ಲೇ ಒಮ್ಮೆ ಎಕೋ ಮಾಡಿಸಿಟ್ಟುಕೊಂಡರೆ ಮುಂದಿನ ಅಳತೆಗಳನ್ನು ಹೋಲಿಸಲು ಒಂದು ಆಧಾರ ಸಿಗುತ್ತದೆ. ಮೂಳೆ ವೈದ್ಯರು ಹೀಗೆ ಹೇಳಿದ ಮೇಲೆ ನಾವು ಮಗಳನ್ನು ಜಯನಗರದ ಒಂದು ಖಾಸಗಿ ಮಕ್ಕಳ ಹೃದಯ ತಪಾಸಣಾ ಕೇಂದ್ರಕ್ಕೆ ಕರೆದುಕೊಂಡು ಹೋದೆವು. ನಾನು ಗಮನಿಸಿದ್ದನ್ನು ಯಾವ ಕೇಂದ್ರದಲ್ಲಾದರೂ ಕೇಳಿ ಪಡೆಯಬಹುದು ಎಂಬ ಕಾರಣಕ್ಕೆ ಹೆಸರು ಬರೆಯುತ್ತಿಲ್ಲ.

ಎಕೋ ಎಂದರೆ ಶಬ್ದತರಂಗದ ಪರೀಕ್ಷೆ. ಅದರಲ್ಲಿ ವಿಕಿರಣವಿಲ್ಲ, ನೋವೂ ಇಲ್ಲ. ಎಕ್ಸ್-ರೇಗಳಿಂದ ಬೇಸತ್ತ ಮಗುವಿಗೆ ಇದೇ ದೊಡ್ಡ ಸಮಾಧಾನ. ಆದರೆ ನಮ್ಮ ಮಕ್ಕಳಿಗೆ ಅಪಾಯ ಬರುವುದು ಯಂತ್ರದಿಂದಲ್ಲ, ಹಿಡಿಯುವ ಕೈಯಿಂದ. ಅಲ್ಲಿನ ತಂತ್ರಜ್ಞೆ ಮಗಳನ್ನು ಕಂಕುಳಲ್ಲಿ ಹಿಡಿದು ಎತ್ತಲು ಹೋಗಲಿಲ್ಲ. ಮೊದಲು ನಮ್ಮನ್ನು ಕೇಳಿ, ನಾವು ಬೆನ್ನು ಮತ್ತು ಪೃಷ್ಠದ ಕೆಳಗೆ ಅಂಗೈ ಚಾಚಿ ಹಾಸಿಗೆಯ ಮೇಲೆ ಮಲಗಿಸುವವರೆಗೆ ಕಾದರು. ಎಡಮಗ್ಗುಲಿಗೆ ತಿರುಗಿಸಬೇಕಾದಾಗ ಬೆನ್ನಿಗೆ ಮಡಚಿದ ಟವೆಲ್ ಒತ್ತುಕೊಟ್ಟರು. ಎದೆಯ ಮೇಲೆ ಆಡಿಸುವ ಪ್ರೋಬ್ ಎಂಬ ಕೈಸಾಧನವನ್ನು ಪಕ್ಕೆಲುಬಿನ ಮೇಲೆ ಒತ್ತದೆ, ಜೆಲ್ಲನ್ನು ಧಾರಾಳವಾಗಿ ಹಚ್ಚಿ ಚಿತ್ರ ಹುಡುಕಿದರು. ರಕ್ತದೊತ್ತಡದ ಪಟ್ಟಿಯನ್ನು ಯಂತ್ರ ತಾನಾಗಿ ಬಿಗಿಯಲು ಬಿಡದೆ, ತಾವೇ ಗಾಳಿ ತುಂಬಿ ನಿಧಾನವಾಗಿ ನೋಡಿದರು. ಇಂಥ ಪಟ್ಟಿಯ ಬಿಗಿತಕ್ಕೇ ಕೈ ಮುರಿಯಬಹುದಾದ ಮಕ್ಕಳಿದ್ದಾರೆ ಎಂಬುದು ಅವರಿಗೆ ಗೊತ್ತಿದ್ದದ್ದು ನನಗೆ ಬಹಳ ಹಿಡಿಸಿತು. ಮೊಬೈಲಿನಲ್ಲಿ ಕಾರ್ಟೂನ್ ನೋಡುತ್ತಾ ಮಗಳು ಶಾಂತವಾಗಿದ್ದಳು, ನಿದ್ರೆಯ ಔಷಧಿ ಬೇಕಾಗಲಿಲ್ಲ.

ವೈದ್ಯರ ವಿವರಣೆಗೆ ನಾನು ಹೆಚ್ಚು ಅಂಕ ಕೊಡುತ್ತೇನೆ. ಮಹಾಪಧಮನಿಯ ಬುಡದ ಅಗಲವನ್ನು ಮಗುವಿನ ಎತ್ತರ ಮತ್ತು ತೂಕದಿಂದ ಲೆಕ್ಕ ಹಾಕಿದ ಮೈಯ ವಿಸ್ತೀರ್ಣಕ್ಕೆ ಹೋಲಿಸಿ, ಅದು ಸರಾಸರಿಯಿಂದ ಎಷ್ಟು ದೂರವಿದೆ ಎಂದು ತೋರಿಸುವ ಜೆಡ್ ಸ್ಕೋರ್ ಬರೆಯುತ್ತಾರೆ; ಸಾಮಾನ್ಯವಾಗಿ 2ಕ್ಕಿಂತ ಮೇಲಿದ್ದರೆ ಹಿಗ್ಗಿದೆ ಎನ್ನುತ್ತಾರೆ. ಕಾಲು ಬಾಗಿ, ಬೆನ್ನು ಓರೆಯಾಗಿ ಕುಳ್ಳಗಿರುವ ಮಗುವಿನಲ್ಲಿ ಎತ್ತರವೇ ತಪ್ಪಾಗಿ ಅಳೆದುಬರಬಹುದು, ಆಗ ಸಹಜ ಅಗಲವೂ ಹೆಚ್ಚಾಗಿ ಕಾಣಬಹುದು. ಇದನ್ನು ಅವರು ತಾವಾಗಿಯೇ ಹೇಳಿ, ಸ್ಕೋರಿನ ಜೊತೆಗೆ ಮಿಲಿಮೀಟರಿನ ಅಳತೆಯನ್ನೂ ವರದಿಯಲ್ಲಿ ಬರೆದುಕೊಟ್ಟರು. ಮಗಳ ಅಳತೆ ಮಿತಿಯೊಳಗಿದೆ, ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಮೈಟ್ರಲ್ ಕವಾಟದಲ್ಲಿ ಸೋರಿಕೆ ಇಲ್ಲ. ಬೆನ್ನುಮೂಳೆಯ ಓರೆ ಹೆಚ್ಚಿದರೆ ಎದೆಗೂಡು ಇಕ್ಕಟ್ಟಾಗಿ ಶ್ವಾಸಕೋಶದ ಮೂಲಕ ಹೃದಯದ ಬಲಭಾಗಕ್ಕೂ ಹೊರೆ ಬೀಳಬಹುದಾದ್ದರಿಂದ ಬೆನ್ನಿನ ತಪಾಸಣೆಯನ್ನು ಬಿಡಬೇಡಿ ಎಂದರು.

ಕೊರತೆಗಳೂ ಇವೆ. ಕೇಂದ್ರ ಮೊದಲ ಮಹಡಿಯಲ್ಲಿದೆ. ಲಿಫ್ಟ್ ಇಕ್ಕಟ್ಟಾಗಿ ಗಾಲಿಕುರ್ಚಿ ಕಷ್ಟಪಟ್ಟು ಹಿಡಿಯುತ್ತದೆ. ಕಾಯುವ ಕೋಣೆಯಲ್ಲಿ ಓಡಾಡುವ ಮಕ್ಕಳ ನಡುವೆ ನಮ್ಮಂಥವರಿಗೆ ಪ್ರತ್ಯೇಕ ಮೂಲೆಯಿಲ್ಲ, ಯಾರಾದರೂ ಡಿಕ್ಕಿ ಹೊಡೆದಾರೆಂಬ ಭಯದಲ್ಲೇ ಕುಳಿತಿದ್ದೆವು. ವಾಹನ ನಿಲ್ಲಿಸಲು ಜಾಗವಿಲ್ಲ. ವರದಿ ಪೂರ್ತಿ ಇಂಗ್ಲಿಷಿನಲ್ಲಿದೆ. ಕನ್ನಡದಲ್ಲಿ ನಾಲ್ಕು ಸಾಲಿನ ಸಾರಾಂಶ ಕೊಟ್ಟರೆ ಅಜ್ಜ ಅಜ್ಜಿಯರೇ ನೋಡಿಕೊಳ್ಳುವ ಮನೆಗಳಿಗೆ ಉಪಕಾರವಾದೀತು. ಶುಲ್ಕ ಸರ್ಕಾರಿ ಆಸ್ಪತ್ರೆಗಳಿಗಿಂತ ಹೆಚ್ಚು.

ಹೋಗುವವರು ಮುಂಚಿತವಾಗಿ ಫೋನ್ ಮಾಡಿ ಮಗುವಿನ ಕಾಯಿಲೆಯ ಹೆಸರನ್ನು ಹೇಳಿ, ಬೆಳಗಿನ ಮೊದಲ ಸರದಿ ಕೇಳಿ ಪಡೆಯಿರಿ. ಹಳೆಯ ಎಕೋ ವರದಿ ಇದ್ದರೆ ಕಡ್ಡಾಯವಾಗಿ ಒಯ್ಯಿರಿ, ಇತ್ತೀಚೆಗೆ ಮುರಿದ ಮೂಳೆಗಳು ಯಾವುವೆಂದು ಒಂದು ಚೀಟಿಯಲ್ಲಿ ಬರೆದು ತಂತ್ರಜ್ಞರ ಕೈಗೇ ಕೊಡಿ.