ಲೆಗೊ ಗೋಳಗುಮ್ಮಟಕ್ಕೆ ಗಿಂಪ್‌ನ ಗ್ರಿಡ್: ಬಳಸಿದವನ ಮಾತು

ಫೋಟೊ ಮೇಲೆ ಚೌಕ ಎಳೆದು ಅಳತೆ ಹಿಡಿಯುವುದು ಹಳೇ ಉಪಾಯ. ಥಿಯೇಟರ್ ಮುಂದಿನ ಕಟೌಟ್ ಬರೆಯುತ್ತಿದ್ದವರೂ ಹೀಗೇ ಸಣ್ಣ ಫೋಟೊದ ನಾಯಕನನ್ನು ಆಳೆತ್ತರ ಮೀರಿಸುತ್ತಿದ್ದರು. ನಾನು ಅದನ್ನೇ ಉಲ್ಟಾ ಮಾಡಲು ಹೊರಟೆ. ವಿಜಯಪುರದ ಗೋಳಗುಮ್ಮಟವನ್ನು ಲೆಗೊ ಇಟ್ಟಿಗೆಯಲ್ಲಿ ಕಟ್ಟಬೇಕು, ಅದೂ ಊಟದ ಟೇಬಲ್ ಮೇಲೆ ಹಿಡಿಸುವಷ್ಟು. ಜೊತೆಗಾರ್ತಿ ತಂಗಿಯ ಮಗಳು. ಫೋಟೊ ಮೇಲೆ ಗ್ರಿಡ್, ಅಂದರೆ ಅಡ್ಡ ಉದ್ದ ಗೆರೆಗಳ ಜಾಲ, ಎಳೆಯಲು ಬಳಸಿದ್ದು ಗಿಂಪ್ ಎಂಬ ಫೋಟೊ ತಿದ್ದುವ ಉಚಿತ ತಂತ್ರಾಂಶ.

ಫೋನಿನಲ್ಲಿ ಸಿಗುವ ಗ್ರಿಡ್ ಆ್ಯಪ್ ಇದ್ದೂ ಗಿಂಪ್ ಯಾಕೆ? ನಾನು ನೋಡಿದ ಆ್ಯಪ್‌ಗಳು ಚಿತ್ರ ಬಿಡಿಸುವವರಿಗಾಗಿ ಮಾಡಿದವು, ಅವುಗಳ ಮನೆಗಳೆಲ್ಲ ಸರಿಚೌಕ. ಲೆಗೊ ಇಟ್ಟಿಗೆ ಸರಿಚೌಕ ಅಲ್ಲ. ಇಟ್ಟಿಗೆಯ ತಲೆ ಮೇಲಿನ ಗುಬ್ಬಿಗೆ ಸ್ಟಡ್ ಅನ್ನುತ್ತಾರೆ. ಒಂದು ಸ್ಟಡ್ ಹಿಡಿಯುವ ಜಾಗದ ಅಗಲ 8 ಮಿ.ಮೀ., ಇಟ್ಟಿಗೆಯ ಎತ್ತರ 9.6 ಮಿ.ಮೀ. ತೆಳು ಪ್ಲೇಟ್ ಆದರೆ 3.2. ಅಂದರೆ 30 ಸ್ಟಡ್ ಅಗಲದ ಚೌಕ ಗೋಡೆಗೆ 25 ಇಟ್ಟಿಗೆ ಎತ್ತರ ಸಾಕು. ಸರಿಚೌಕದ ಗ್ರಿಡ್ ನಂಬಿ 30 ಸಾಲು ಏರಿಸಿದರೆ ಗೋಡೆ ಐದರಲ್ಲೊಂದು ಪಾಲು ಜಾಸ್ತಿ ಎತ್ತರ ಆಗುತ್ತದೆ. ಮೇಲಿಂದ ನೋಡುವ ನಕ್ಷೆಗೆ ಸರಿಚೌಕ ನಡೆಯುತ್ತದೆ, ಎದುರಿನ ಗೋಡೆಗೆ ನಡೆಯಲ್ಲ.

ಗಿಂಪ್‌ನಲ್ಲಿ ಅಡ್ಡ, ಉದ್ದ ಎರಡಕ್ಕೂ ಬೇರೆ ಬೇರೆ ಅಂತರ ಕೊಡಬಹುದು. ಅಂಕಿಗಳ ಪಕ್ಕದ ಸರಪಳಿ ಗುರುತನ್ನು ಒತ್ತಿ ಬಿಡಿಸಿದರಾಯಿತು. ನಾನು ಇಟ್ಟುಕೊಂಡದ್ದು 50 ಪಿಕ್ಸೆಲ್ ಅಗಲ, 60 ಪಿಕ್ಸೆಲ್ ಎತ್ತರ. ಪ್ಲೇಟ್ ಲೆಕ್ಕ ಬೇಕಾದಾಗ ಎತ್ತರ 20.

ಇಲ್ಲಿ ಒಂದು ಗೊಂದಲ ಇದೆ. ಗಿಂಪ್‌ನಲ್ಲಿ ಗ್ರಿಡ್ ಎರಡು ಕಡೆ ಸಿಗುತ್ತದೆ. ‘ವ್ಯೂ’ ಮೆನುವಿನ ‘ಶೋ ಗ್ರಿಡ್’ ಪರದೆ ಮೇಲೆ ಮಾತ್ರ ಕಾಣಿಸುತ್ತದೆ, ಚಿತ್ರವನ್ನು ಎಕ್ಸ್‌ಪೋರ್ಟ್ ಮಾಡಿದರೆ ಗೆರೆ ಇರಲ್ಲ. ಗೆರೆ ಚಿತ್ರದಲ್ಲೇ ಉಳಿಯಬೇಕಾದರೆ ‘ಫಿಲ್ಟರ್ಸ್’ನಲ್ಲಿ ‘ರೆಂಡರ್’, ‘ಪ್ಯಾಟರ್ನ್’, ‘ಗ್ರಿಡ್’ ಅಂತ ಹೋಗಬೇಕು. ಅದನ್ನು ನೇರ ಫೋಟೊ ಮೇಲೆ ಹಾಕಬೇಡಿ. ಮೇಲೊಂದು ಪಾರದರ್ಶಕ ಲೇಯರ್ (ಪದರ) ಸೇರಿಸಿ ಅದರ ಮೇಲೆ ಹಾಕಿ. ಆಮೇಲೆ ಗೆರೆಗಳನ್ನು ಬೇಕೆಂದಂತೆ ಸರಿಸಬಹುದು, ಮಸುಕು ಮಾಡಬಹುದು. ಈ ಎರಡು ದಾರಿ ಹೊಸಬರನ್ನು ಗೊಂದಲಕ್ಕೆ ಕೆಡವುತ್ತದೆ ಅಂತ ಅನಿಸಿದ್ದು ನಿಜ.

ಈಗ ಗುಮ್ಮಟ. ಗೋಡೆಯ ಒಂದು ಬದಿ 47.5 ಮೀಟರ್, ಗುಮ್ಮಟದ ಹೊರ ವ್ಯಾಸ 44 ಮೀಟರ್. 1:200 ಅಳತೆಯಲ್ಲಿ ಒಂದು ಸ್ಟಡ್ ಅಂದರೆ 1.6 ಮೀಟರ್. ಗೋಡೆ 29.7 ಸ್ಟಡ್ ಬರುತ್ತದೆ, 30 ಅನ್ನಿ. ಈ ಅಳತೆಯಲ್ಲಿ ಮನುಷ್ಯ ಒಂದು ಇಟ್ಟಿಗೆಯಷ್ಟೂ ಎತ್ತರ ಇರಲ್ಲ, ಹಾಗಾಗಿ ಲೆಗೊ ಗೊಂಬೆಗಳಿಗೆ ಪ್ರವೇಶವಿಲ್ಲ. ಫೋಟೊದಲ್ಲಿ ಗೋಡೆ ಎಷ್ಟು ಪಿಕ್ಸೆಲ್ ಇದೆ ಅಂತ ‘ಮೆಷರ್’ ಸಾಧನದಲ್ಲಿ ಅಳೆದು, ಅದು 1500 ಆಗುವ ಹಾಗೆ ಇಡೀ ಚಿತ್ರವನ್ನು ಕುಗ್ಗಿಸಿದೆ. ಸರಿಯಾಗಿ 30 ಮನೆ ಕೂತಿತು.

ಅದಕ್ಕೂ ಮೊದಲು ಫೋಟೊವನ್ನು ನೆಟ್ಟಗೆ ಮಾಡಿಕೊಳ್ಳಬೇಕು. ಕೆಳಗಿನಿಂದ ತೆಗೆದ ಫೋಟೊದಲ್ಲಿ ಮೂಲೆಯ ಗೋಪುರಗಳು ಮೇಲೆ ಹೋಗುತ್ತಾ ಒಳಕ್ಕೆ ವಾಲುತ್ತವೆ. ‘ಪರ್ಸ್ಪೆಕ್ಟಿವ್’ ಸಾಧನವನ್ನು ‘ಕರೆಕ್ಟಿವ್’ಗೆ ಇಟ್ಟು ಗೋಡೆಯ ನಾಲ್ಕು ಮೂಲೆ ಹಿಡಿಸಿದರೆ ವಾಲು ಹೋಗುತ್ತದೆ. ಮುಂಭಾಗದ ಫೋಟೊಗಳಲ್ಲಿ ಮ್ಯೂಸಿಯಂ ಕಟ್ಟಡ ಅಡ್ಡ ಬರುತ್ತದೆ, ಪಕ್ಕದಿಂದ ತೆಗೆದದ್ದು ಆರಿಸಿಕೊಳ್ಳಿ.

ಇಷ್ಟಾದ ಮೇಲೂ ತಂಗಿಯ ಮಗಳು ಪರದೆ ನೋಡಿ ಕೇಳಿದ್ದು ಹೀಗೆ: “ಮಾಮಾ, ಗುಮ್ಮಟ ಇಷ್ಟ ಸಣ್ಣದೈತೇನು?” ಪ್ರಶ್ನೆ ಸರಿಯಾಗಿಯೇ ಇತ್ತು. ಗ್ರಿಡ್ ನಿಜ ಹೇಳುವುದು ಗೋಡೆಯ ಸಮಕ್ಕೆ ಇರುವುದಕ್ಕೆ ಮಾತ್ರ. ಗುಮ್ಮಟದ ನಡು ಗೋಡೆಯಿಂದ ಸುಮಾರು 24 ಮೀಟರ್ ಹಿಂದಿದೆ. ಗೋಡೆಯಿಂದ 100 ಮೀಟರ್ ದೂರದಲ್ಲಿ ತೆಗೆದ ಫೋಟೊದಲ್ಲಿ ಅದು 22–23 ಮನೆ ಮಾತ್ರ ತುಂಬುತ್ತದೆ, ಲೆಕ್ಕದ ಪ್ರಕಾರ ಬೇಕಾದದ್ದು 27.5. ಇದನ್ನು ಯಾವ ತಂತ್ರಾಂಶದ ಗ್ರಿಡ್ ಕೂಡ ಸರಿ ಮಾಡಲ್ಲ. ಗೋಡೆ, ಕಮಾನು, ಏಳು ಅಂತಸ್ತಿನ ಗೋಪುರದ ಕಿಟಕಿಗಳ ಸಾಲು ಇವನ್ನು ಗ್ರಿಡ್‌ನಿಂದ ತೆಗೆದುಕೊಳ್ಳಿ, ಗುಮ್ಮಟವನ್ನು ಪುಸ್ತಕದ ಅಳತೆಯಿಂದ ಕಟ್ಟಿ. ನಾವು 28 ಸ್ಟಡ್ ಇಟ್ಟೆವು. 30ರ ಗೋಡೆ ಮೇಲೆ 27 ಇಟ್ಟರೆ ಅರ್ಧ ಸ್ಟಡ್ ಪಕ್ಕಕ್ಕೆ ಹೋಗುತ್ತದೆ, ಅದನ್ನು ಸರಿದೂಗಿಸಲು ಜಂಪರ್ ಪ್ಲೇಟ್ ಹುಡುಕುತ್ತಾ ಕೂರಬೇಕು.

ಲೆಗೊ ಮಾದರಿಯನ್ನು ಕಂಪ್ಯೂಟರ್‌ನಲ್ಲೇ ಕಟ್ಟಿ ನೋಡುವ ಬ್ರಿಕ್‌ಲಿಂಕ್ ಸ್ಟುಡಿಯೊ ಎಂಬ ತಂತ್ರಾಂಶ ಇದ್ದವರಿಗೆ ಇದೆಲ್ಲ ಬೇಕಾ ಅಂದರೆ, ಬೇಕು. ಅದು ಇಟ್ಟಿಗೆ ಜೋಡಿಸಿ ನೋಡಲು ಚೆನ್ನ. ಎಷ್ಟನೇ ಸಾಲಿನಲ್ಲಿ ಕಮಾನು ಶುರುವಾಗಬೇಕು ಅನ್ನುವುದನ್ನು ಮೊದಲು ಫೋಟೊದಿಂದಲೇ ಎಣಿಸಿಕೊಳ್ಳಬೇಕು.

ನನಗೆ ಗಿಂಪ್ ಇಷ್ಟವಾದ ದೊಡ್ಡ ಕಾರಣ ಪ್ರಿಂಟ್. ‘ಪ್ರಿಂಟ್ ಸೈಜ್’ನಲ್ಲಿ ಇಂಚಿಗೆ 158.75 ಪಿಕ್ಸೆಲ್ ಅಂತ ಕೊಟ್ಟರೆ ನಮ್ಮ 50 ಪಿಕ್ಸೆಲ್ ಕಾಗದದ ಮೇಲೆ ಸರಿಯಾಗಿ 8 ಮಿ.ಮೀ. ಆಗುತ್ತದೆ. 30 ಸ್ಟಡ್ ಅಂದರೆ 24 ಸೆಂ.ಮೀ., ಎ4 ಹಾಳೆಯನ್ನು ಅಡ್ಡ ಇಟ್ಟರೆ ಗೋಡೆಯ ಅಗಲ ಪೂರ್ತಿ ಹಿಡಿಸುತ್ತದೆ. ಪ್ರಿಂಟ್ ಅಂಗಡಿಯವರಿಗೆ ‘ಫಿಟ್ ಟು ಪೇಜ್’ ಹಾಕಬೇಡಿ ಅಂತ ಮೊದಲೇ ಹೇಳಿ. ಕೈಗೆ ಬಂದ ಹಾಳೆ ಮೇಲೆ ಒಂದು ಇಟ್ಟಿಗೆ ಇಟ್ಟು ನೋಡಿ, ಗೆರೆಗೆ ಗೆರೆ ಕೂತರೆ ಮಾತ್ರ ದುಡ್ಡು ಕೊಡಿ.